ಬೀಗ್ತಿಯ ಸಂಚಿ

ನಮ್ಮ ಬೀಗ್ತಿ ಮಾತು ನಿಲ್ಲಿಸುತ್ತಿದ್ದದ್ದು ದಿನದಲ್ಲಿ ಒಂದೇ ಹೊತ್ತು. ಬೆಳಿಗ್ಗೆ ತಿಂಡಿಯಾದ ಮೇಲೆ ನನ್ನ ಮಗಳು ಶೈಲಾಳನ್ನು ಎದುರಿಗೆ ಕೂರಿಸಿಕೊಂಡು, ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆ ಸಂಚಿಯ ದಾರ ಬಿಚ್ಚಿ, ಒಳಗಿನ ಕಿಸೆಯಿಂದ ಗುಳಿಗೆ ತೆಗೆದು ಕೊಡುತ್ತಿದ್ದರು. ಶೈಲಾ ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಎಷ್ಟೇ ಕಹಿಯಾದರೂ ಕರಗುವ ತನಕ ನುಂಗಬಾರದು, ಮಾತಾಡಬಾರದು. ಡಾಕ್ಟರು ಹೇಳಿದ್ದು ಶೈಲಾಳಿಗೆ ಮಾತ್ರ, ಬಾಯಿ ಮುಚ್ಚಿ ಕೂರುತ್ತಿದ್ದವರು ಅತ್ತೆ ಸೊಸೆ ಇಬ್ಬರೂ. ನೀವ್ಯಾಕೆ ಸುಮ್ಮನಿರಬೇಕು ಎಂದು ಒಮ್ಮೆ ಕೇಳಿದ್ದಕ್ಕೆ, "ಅತ್ತೆ ಮಾತಾಡಿ ಸೊಸೆ ಉತ್ತರ ಕೊಡದೇ ಇದ್ದದ್ದು ಎಲ್ಲಾದ್ರೂ ಅದ್ಯಾ ಬೀಗ್ರೇ? ಅದ್ಕೇ ನಾನೇ ಮುಚ್ಕಂಡು ಕೂತೆ" ಅಂದಿದ್ದರು.

ಆ ಬಾಯಿ ಹೋದ ತಿಂಗಳು ಶಿರಸಿಯಲ್ಲಿ ಪೂರ್ತಿ ಮುಚ್ಚಿತು. ಮಗಳ ಅತ್ತೆಯನ್ನು ನಾನು ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ, ಬೀಗ್ತಿ ಅಂತಲೇ ಕರೆದದ್ದು. ಇಲ್ಲಿಯೂ ಅಷ್ಟೇ ಇರಲಿ.

ಯಲ್ಲಾಪುರದಲ್ಲಿ ಹೆದ್ದಾರಿಗೆ ತಾಗಿ ನನ್ನ ಗ್ಯಾರೇಜು. ಲಾರಿಯ ಭಾರ ಹೊರುವ ಕಬ್ಬಿಣದ ಪಟ್ಟಿಗಳಿಗೆ ನಾವು ಪಾಟಾ ಅನ್ನುತ್ತೇವೆ. ಘಟ್ಟ ಹತ್ತಿ ಬರುವಷ್ಟರಲ್ಲಿ ಯಾವುದಾದರೂ ಲಾರಿಯದ್ದು ಕಟ್ಟಾಗಿಯೇ ಇರುತ್ತದೆ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಹಿಡಿದ ಸುತ್ತಿಗೆ, ಇನ್ನೂ ಕೆಳಗೆ ಇಟ್ಟಿಲ್ಲ. ಯಾರ ಹತ್ತಿರವೂ ಕೈ ಒಡ್ಡಲಿಲ್ಲ. ಮಗಳನ್ನು ಓದಿಸಿದೆ, ಮದುವೆ ಮಾಡಿದೆ. ಶಿರಸಿಯ ಹುಡುಗ, ಬಾಡಿಗೆ ಟೆಂಪೋ ಓಡಿಸುತ್ತಾನೆ, ಕುಡಿಯುವುದಿಲ್ಲ, ತಂದೆ ಇಲ್ಲ, ತಾಯಿ ಒಬ್ಬಳೇ. ವಿಚಾರಿಸಿಯೇ ಕೊಟ್ಟದ್ದು.

ಆ ತಾಯಿ ಶಿರಸಿಯ ಅಡಿಕೆ ವಖಾರಿಯಲ್ಲಿ ಆರಿಸುವ ಕೆಲಸದವರು. ಚೀಲದಿಂದ ಸುರಿದ ಅಡಿಕೆ ರಾಶಿಯ ಮುಂದೆ ಒಂದು ಕಾಲು ನೀಡಿ, ಒಂದು ಮಡಚಿ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲವಂತೆ. ಒಳ್ಳೆಯದು ಬಲಕ್ಕೆ, ಹಾಳಾದ ಕೋಕ ಎಡಕ್ಕೆ. ಬೆರಳ ತುದಿಯಿಂದ ಚಿಮ್ಮುವುದು. ಆ ಚಿಮ್ಮುವ ಚಟ ಅವರ ಕೈಗೆ ಅಂಟಿಬಿಟ್ಟಿತ್ತು. ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ ಮಡಿಲಲ್ಲೇ ಬೆರಳು ಬಲಕ್ಕೆ ಚಿಮ್ಮುತ್ತಿತ್ತು. ಕಂಡಕ್ಟರ್ ಗದರಿದರೆ ಎಡಕ್ಕೆ. ಹೆಣ್ಣು ನೋಡಲು ಬಂದ ದಿನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎರಡೂ ಕಡೆ ಚಿಮ್ಮದೆ ಕೈ ಹಾಗೇ ಇಟ್ಟುಕೊಂಡಿದ್ದರು. ಮದುವೆಯಾದ ಮೇಲೆ ಸಲುಗೆಯಿಂದ ಕೇಳಿದೆ. "ನೀವು ಸಿಪ್ಪೆಗೋಟು ಬೀಗ್ರೇ. ಸಿಪ್ಪೆ ಗಟ್ಟಿ ಅದೆ, ಒಳಗೆ ಎಂತ ಅದೆ ಅಂತ ಒಡೆದೇ ನೋಡ್ಬೇಕು" ಅಂದರು. ನಮ್ಮ ಮನೆಯವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಆ ದಿನದಿಂದ ನನಗೆ ಅವರ ಮೇಲೆ ಒಂದು ಸಣ್ಣ ಸಿಟ್ಟು ಇದ್ದೇ ಇತ್ತು.

ಮದುವೆಯಾದ ಮರು ವರ್ಷ ಅಳಿಯ ಮಗಳು ಬೈಕಿನಲ್ಲಿ ಸಿದ್ದಾಪುರಕ್ಕೆ ಹೋಗುವಾಗ ಜಾರಿ ಬಿದ್ದರು. ಅಳಿಯನಿಗೆ ತರಚು ಗಾಯ. ಶೈಲಾಳ ಸೊಂಟದ ಎಲುಬು ಬಿರುಕು ಬಿಟ್ಟಿತು. ಎಲುಬು ಕೂಡಿತು, ನೋವು ಹೋಗಲಿಲ್ಲ. ಆಗ ಕೊಟ್ಟ ನೋವಿನ ಗುಳಿಗೆ ಬಲು ಜೋರಿನದು, ಅಫೀಮಿನ ಜಾತಿಯದು ಎಂದು ಆಮೇಲೆ ಗೊತ್ತಾಯಿತು. ಡಾಕ್ಟರು ಬರೆದದ್ದು ಮುಗಿದ ಮೇಲೂ ಅವಳು ಯಾವುದೋ ಮೆಡಿಕಲ್ ಅಂಗಡಿಯಿಂದ ತರಿಸಿಕೊಂಡು ನುಂಗುತ್ತಲೇ ಇದ್ದಳು. ಒಂದು ಸಾಲದೆ ಎರಡು, ಎರಡು ಸಾಲದೆ ಮತ್ತೊಂದು. ಬಸಿರಾದಾಗ ಹೆದರಿ ತಾನೇ ಒಮ್ಮೆಲೇ ಬಿಟ್ಟಳು. ಮೈಯೆಲ್ಲ ಮುಳ್ಳೆದ್ದು, ಮೂಗು ಸೋರಿ, ವಾಂತಿ ಭೇದಿ ಹತ್ತಿ, ಹೊಟ್ಟೆ ಹಿಡಿದುಕೊಂಡು ಬಚ್ಚಲಲ್ಲಿ ಕೂತವಳನ್ನು ಎತ್ತಿದ್ದು ಬೀಗ್ತಿ. ಬಸುರಿಯ ಸಂಕಟ ಇದಲ್ಲ ಎಂದು ಅವರಿಗೆ ಅನ್ನಿಸಿತಂತೆ. ಹಾಸಿಗೆ ಝಾಡಿಸಿದಾಗ ಗುಳಿಗೆಯ ಖಾಲಿ ಪಟ್ಟಿಗಳು ಉದುರಿದವು.

ಬೇರೆ ಯಾರೇ ಆಗಿದ್ದರೂ ಅವತ್ತೇ ನನಗೆ ಫೋನ್ ಮಾಡಿ, ನಿಮ್ಮ ಮಗಳ ಗುಣ ಇದು ಅನ್ನುತ್ತಿದ್ದರು. ಬೀಗ್ತಿ ಯಾರಿಗೂ ಹೇಳಲಿಲ್ಲ. ಶಿರಸಿಯ ಹೆರಿಗೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು, ಅವರು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಇಂಥದ್ದನ್ನೇ ನೋಡುವ ಡಾಕ್ಟರು ಇದ್ದರು. ಬಸಿರಿನಲ್ಲಿ ಒಮ್ಮೆಲೇ ಬಿಡಿಸಿದರೆ ತಾಯಿಗಿಂತ ಹೆಚ್ಚು ಪೆಟ್ಟು ಕೂಸಿಗೆ, ಗರ್ಭ ಇಳಿದು ಹೋಗಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು ಅಂದರಂತೆ. ಹಳೆಯ ಗುಳಿಗೆ ಬದಲು ಬೇರೆ ಗುಳಿಗೆ ಕೊಟ್ಟರು. ದಿನಾ ಒಂದೇ ಹೊತ್ತಿಗೆ ನಾಲಿಗೆಯ ಕೆಳಗೆ ಇಡಬೇಕು, ಮನೆಯಲ್ಲಿ ಜವಾಬ್ದಾರಿಯ ಒಬ್ಬರ ಕೈಯಲ್ಲೇ ಇರಬೇಕು, ವಾರಕ್ಕೊಮ್ಮೆ ಬಂದು ತೋರಿಸಿ ಒಯ್ಯಬೇಕು, ಹೆರಿಗೆಯಾಗಿ ಮಗು ದೊಡ್ಡದಾದ ಮೇಲೆ ನಿಧಾನಕ್ಕೆ ಇಳಿಸುವ ಅಂದರು. ಹಾಗೆ ಆ ಗುಳಿಗೆ ಬೀಗ್ತಿಯ ಸಂಚಿ ಸೇರಿತು. ಒಂದು ಕಿಸೆಯಲ್ಲಿ ಸೊಸೆಯದ್ದು, ಮತ್ತೊಂದರಲ್ಲಿ ಅವರ ಎಲೆ, ಅಡಿಕೆ, ತಂಬಾಕು.

ಇದೊಂದೂ ತಿಳಿಯದ ನಾವು, ಏಳನೇ ತಿಂಗಳಿಗೆ ಬಯಕೆ ಊಟ ಮುಗಿಸಿ ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರಲು ಶಿರಸಿಗೆ ಹೋದೆವು. ಬಾಳಂತನ ತವರಲ್ಲೇ ಆಗಬೇಕಲ್ಲ. ಮಡಿಲು ತುಂಬಿಸಿಯಾಯಿತು. ಶೈಲಾ ಗಾಡಿ ಹತ್ತಿದಳು. ಹಿಂದಿನಿಂದ ಬೀಗ್ತಿ ಕೈಯಲ್ಲೊಂದು ಚೀಲ ಹಿಡಿದು ಬಂದು ಅವಳ ಪಕ್ಕ ಕೂತರು. ಸ್ವಲ್ಪ ದೂರ ಬಂದು ಇಳಿಯುತ್ತಾರೆ ಎಂದುಕೊಂಡೆ.

"ಎಲ್ಲಿವರೆಗೆ ಬೀಗ್ತಿ?" ಅಂದೆ.

"ಹೆರಿಗೆವರೆಗೆ" ಅಂದರು.

ಗಂಡಿನ ತಾಯಿ ಸೊಸೆಯ ತವರಿಗೆ ಬಂದು ಬಾಳಂತನಕ್ಕೆ ಉಳಿಯುವುದನ್ನು ನಾನು ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ. ತೊಟ್ಟಿಲ ದಿನ ಬರಬೇಕು, ಉಡುಗೊರೆ ಮಾಡಿ ಉಂಡು ಹೋಗಬೇಕು, ಅಷ್ಟೇ. ದಾರಿಯಲ್ಲಿ ಒಂದು ಕಡೆ ಚಹಾಕ್ಕೆ ನಿಲ್ಲಿಸಿದಾಗ, ಶೈಲಾ ಗಾಡಿಯಲ್ಲೇ ಕೂತಿದ್ದಳು, ಬೀಗ್ತಿ ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದರು. ದನಿ ಏರಿಸಲಿಲ್ಲ, ಇಳಿಸಲಿಲ್ಲ. ವಖಾರಿಗೆ ಬಂದ ಮಾಲಿನ ಸುದ್ದಿ ಹೇಳಿದ ಹಾಗೆ. ನಮ್ಮ ಮನೆಯವಳು ಅಲ್ಲೇ ಬೆಂಚಿನ ಮೇಲೆ ಕೂತಳು. ನಾನು ಚಹಾ ಕುಡಿಯಲಿಲ್ಲ. ನನ್ನ ಮಗಳು ನಶೆಯವಳಲ್ಲ ಅಂದೆ. "ನಾನೂ ಹಂಗಂದ್ನಾ?" ಅಂದರು ಬೀಗ್ತಿ.

ಮನೆಗೆ ಬಂದ ಬೀಗರನ್ನು ಹೇಗೆಂದರೆ ಹಾಗೆ ನೋಡಿಕೊಳ್ಳುವಂತಿಲ್ಲ. ಮೊದಲ ವಾರ ನಮ್ಮ ಮನೆಯವಳು ದಿನಕ್ಕೊಂದು ಸಿಹಿ ಮಾಡಿ ಸೋತಳು. ಒಂದು ದಿನ ಬೀಗ್ತಿ ಮೊರ ಎಳೆದುಕೊಂಡು ನಮ್ಮ ಅಕ್ಕಿ ಆರಿಸಲು ಕೂತು, "ನಾಳೆಂದ ಗಂಜಿ ಮಾಡಿ ಮಾರಾಯ್ತಿ. ಈ ಪಾಯಸ ಉಂಡು ನಾನೇ ಹೆರೂ ಹಂಗೆ ಕಾಣ್ತೆ" ಅಂದಾಗ ಮನೆ ಸ್ವಲ್ಪ ಹಗುರಾಯಿತು. ಹೊರಗೆ ಹಗುರಾಗಲಿಲ್ಲ. ಮಗ ಹೊರಗೆ ಹಾಕಿದ್ದಾನೆ ಅಂದರು ಕೆಲವರು. ಸೊಸೆಯ ಬಂಗಾರ ಕಾಯಲು ಬಂದು ಕೂತಿದ್ದಾಳೆ ಅಂದರು ಕೆಲವರು. ಗ್ಯಾರೇಜಿಗೆ ಬಂದವರೆಲ್ಲ ನಗುತ್ತ ಕೇಳುವವರೇ, ಬೀಗ್ತಿ ಇನ್ನೂ ಇದ್ದಾರಾ ಎಂದು. ನಾನು ಸುತ್ತಿಗೆ ಎತ್ತುತ್ತಿದ್ದೆ.

ನನಗೆ ತಲೆಯೊಳಗೆ ಕೂತದ್ದು ಒಂದೇ. ಬಿಡಬೇಕು ಅಂದರೆ ಬಿಡಬೇಕು. ನಾನು ಬೀಡಿ ಬಿಟ್ಟದ್ದು ಒಂದೇ ದಿನಕ್ಕೆ, ಕಟ್ಟು ಸಮೇತ ಒಲೆಗೆ ಹಾಕಿದವನು. ನನ್ನ ಮಗಳಿಗೆ ಅಷ್ಟೂ ಗಟ್ಟಿತನ ಇಲ್ಲವೇ? ನಶೆ ಬಿಡಿಸಲು ಇನ್ನೊಂದು ನಶೆಯೇ? ಒಂದು ಸಂಜೆ ಜಗಲಿಯಲ್ಲಿ ಇದನ್ನು ಅವರೆದುರು ಆಡಿಯೇ ಬಿಟ್ಟೆ. ಬೀಗ್ತಿ ಬಾಯಲ್ಲಿದ್ದ ಎಲೆ ಅಡಿಕೆಯ ಕವಳ ಅಂಗಳದ ಬದಿಗೆ ಹೋಗಿ ಉಗುಳಿ ಬಂದರು. ಹಿಂದಿನ ದಿನ ನಾನು ಅರಬೈಲ್ ಘಟ್ಟದಲ್ಲಿ ಬ್ರೇಕ್ ಸುಟ್ಟುಕೊಂಡ ಲಾರಿಯೊಂದರ ಕತೆಯನ್ನು ಊಟದ ಹೊತ್ತಿಗೆ ಹೇಳಿದ್ದೆ.

"ನಿನ್ನೆ ನೀವೇ ಹೇಳಿದ್ರಿ, ಲೋಡ್ ಗಾಡಿ ಘಟ್ಟದಲ್ಲಿ ಒಮ್ಮೆಲೇ ಬ್ರೇಕ್ ಒತ್ತಿದ್ರೆ ಎಂತ ಆಗ್ತದೆ ಅಂತ. ಗೇರಲ್ಲೇ ಇಳೀಬೇಕು ಅಂದ್ರಿ. ನಿಮ್ಮ ಮಗಳು ಈಗ ಲೋಡ್ ಗಾಡಿ ಬೀಗ್ರೇ. ಒಳಗೆ ಒಂದು ಜೀವ ಅದೆ. ನೀವು ಬೀಡಿ ಬಿಟ್ಟಾಗ ನಿಮ್ಮ ಹೊಟ್ಟೇಲಿ ಎಂತ ಇತ್ತು?"

ಇತ್ತು, ಸಿಟ್ಟು ಇತ್ತು ಅಂದೆ. ಅವರು ನಕ್ಕರು. ನಾನು ನಗಲಿಲ್ಲ, ಆದರೆ ಮತ್ತೆ ಆ ಮಾತು ಎತ್ತಲಿಲ್ಲ. ಘಟ್ಟದ ವಿಷಯದಲ್ಲಿ ನನಗೆ ಯಾರೂ ಸುಳ್ಳು ಹೇಳಲು ಸಾಧ್ಯವಿಲ್ಲ.

ವಾರಕ್ಕೊಮ್ಮೆ ಹುಬ್ಬಳ್ಳಿ. ಕೆಲಸ ಇಲ್ಲದ ದಿನ ನಾನು ಒಯ್ಯುತ್ತಿದ್ದೆ, ಇಲ್ಲದಿದ್ದರೆ ಅವರಿಬ್ಬರೇ ಬಸ್ಸಿಗೆ. ಕಲಘಟಗಿ ದಾಟುವಷ್ಟರಲ್ಲಿ ಮಗಳ ಕಾಲು ಊದಿರುತ್ತಿತ್ತು. ಅಲ್ಲಿಯ ಬೆಂಚುಗಳ ಮೇಲೆ ಕೂತು ಕೂತು ಮನುಷ್ಯ ಬೇಸರವನ್ನೂ ಮರೆಯುತ್ತಾನೆ. ಸುತ್ತ ಕೂತವರಲ್ಲಿ ಹೆಚ್ಚಿನವರು ಕುಡಿತ ಬಿಡಿಸಲು ತಂದ ಗಂಡಸರು. ಅವರ ನಡುವೆ ದಿನ ತುಂಬುತ್ತಿರುವ ಹೊಟ್ಟೆ ಹೊತ್ತು ನನ್ನ ಮಗಳು. ಯಾರಾದರೂ ಅವಳನ್ನು ದಿಟ್ಟಿಸಿದರೆ ಬೀಗ್ತಿ ಜಾಗ ಬದಲಾಯಿಸಿ ನಡುವೆ ಕೂರುತ್ತಿದ್ದರು. ಅವರದ್ದು ದಪ್ಪ ಮೈ, ಮರೆ ಮಾಡಲು ಸಾಕಾಗುತ್ತಿತ್ತು. ಒಮ್ಮೆ ಡಾಕ್ಟರು ಅವರ ಕೆಂಪು ಬಾಯಿ ನೋಡಿ, ಅಜ್ಜಿ, ನಿಮ್ಮ ತಂಬಾಕು ಯಾವಾಗ ಬಿಡ್ತೀರಿ ಅಂದರಂತೆ. "ಸೊಸೆದು ಮುಗೀಲಿ, ಆಮೇಲೆ ನಂದು" ಅಂದು ಬಂದಿದ್ದರು. ಅದನ್ನು ದೊಡ್ಡ ತಮಾಷೆಯ ಹಾಗೆ ನಮಗೆಲ್ಲ ಹೇಳಿದರು.

ಎಂಟನೇ ತಿಂಗಳಲ್ಲಿ ಸಿದ್ದಾಪುರ ಕಡೆಯ ಹೇರೂರಿನಲ್ಲಿದ್ದ ಅವರ ಅಕ್ಕ ತೀರಿಕೊಂಡರು. ಹೋಗಲೇಬೇಕು. ಸಂಚಿಯಿಂದ ಗುಳಿಗೆ ತೆಗೆದು ಒಂದು ಸ್ಟೀಲ್ ಕರಡಿಗೆಯಲ್ಲಿ ಹಾಕಿ ನಮ್ಮ ಮನೆಯವಳ ಕೈಗೆ ಕೊಟ್ಟು, ದಿನಾ ತಿಂಡಿಯಾದ ಮೇಲೆ ಒಂದು, ತಪ್ಪಿಸಬೇಡಿ ಎಂದು ಹೇಳಿ ಬಸ್ಸು ಹತ್ತಿದರು.

ಆಗ ಶೈಲಾ ಚೆನ್ನಾಗಿದ್ದಳು. ಕೆನ್ನೆ ತುಂಬಿತ್ತು, ಊಟ ಸೇರುತ್ತಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. ಚೆನ್ನಾಗಿದ್ದದ್ದು ಆ ಗುಳಿಗೆಯಿಂದ ಎಂಬುದು ನಮ್ಮ ಮನೆಯವಳ ತಲೆಗೆ ಹೊಳೆಯಲಿಲ್ಲ. ಇಷ್ಟು ಚೆನ್ನಾಗಿರುವವಳಿಗೆ ಇನ್ನು ಆ ವಿಷ ಯಾಕೆ, ಹುಟ್ಟುವ ಕೂಸಿಗೆ ಅದು ಬೇಡ, ಬೀಗ್ತಿ ಬರುವುದರೊಳಗೆ ಬಿಡಿಸಿ ತೋರಿಸುತ್ತೇನೆ ಅಂದುಕೊಂಡಳು. ಕರಡಿಗೆಯನ್ನು ಅಕ್ಕಿ ಡಬ್ಬಿಯ ಅಡಿಗೆ ಹುಗಿದಳು. ಅಂಗನವಾಡಿಯಿಂದ ಬಂದ ಕ್ಯಾಲ್ಸಿಯಂ ಗುಳಿಗೆಯನ್ನು ಚೂರು ಮಾಡಿ ಅದೇ ಹೊತ್ತಿಗೆ ಮಗಳ ಕೈಗೆ ಕೊಟ್ಟಳು. ನನಗೂ ಹೇಳಲಿಲ್ಲ. ತಾಯಿ ಮಾಡುವ ಉಪಕಾರ ಇದು, ಇದಕ್ಕೆ ಯಾರ ಅಪ್ಪಣೆ ಬೇಕು?

ಮೊದಲ ದಿನ ಏನೂ ಆಗಲಿಲ್ಲ. ಮಾರನೇ ದಿನ ಸಂಜೆಗೆ ಶೈಲಾ ಒಂದೇ ಸಮ ಆಕಳಿಸುತ್ತಿದ್ದಳು, ಕಣ್ಣು ಮೂಗಿನಲ್ಲಿ ನೀರು. ಶೀತ ಅಂದಳು. ಅದರ ಮರುದಿನ ಬೆಳಿಗ್ಗೆ ನಾನು ಗ್ಯಾರೇಜಿಗೆ ಹೊರಟವನು ನೋಡುತ್ತೇನೆ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ. ತೋಳಿನ ತುಂಬ ಮುಳ್ಳೆದ್ದಿದೆ. ಹೊಟ್ಟೆ ಕಲ್ಲಿನ ಹಾಗೆ ಬಿಗಿದು ಸಡಿಲವಾಗುತ್ತಿದೆ, ಮತ್ತೆ ಬಿಗಿಯುತ್ತಿದೆ. ಕೂಸು ರಾತ್ರಿಯಿಡೀ ಒದ್ದಾಡಿತು, ಈಗ ಆಡುತ್ತಿಲ್ಲ ಅಂದಳು.

ಬೀಗ್ತಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು.

"ಗುಳಿಗೆ ಕಹಿ ಇತ್ತಾ ಕೇಳಿ."

ಕೇಳಿದೆ. ಶೈಲಾ ತಲೆ ತಗ್ಗಿಸಿ ಇಲ್ಲ ಅಂದಳು. ಒಲೆಯ ಮುಂದೆ ನಿಂತಿದ್ದ ನಮ್ಮ ಮನೆಯವಳು ಅಕ್ಕಿ ಡಬ್ಬಿಯ ಅಡಿಯಿಂದ ಕರಡಿಗೆ ತೆಗೆದು ನನ್ನ ಮುಂದಿಟ್ಟಳು. ಆಗ ಎಲ್ಲ ಗೊತ್ತಾಯಿತು. "ನನ್ನ ಕಾಯ್ಬೇಡಿ. ಸೀದಾ ಹುಬ್ಬಳ್ಳಿ" ಅಂದರು ಬೀಗ್ತಿ, ಫೋನ್ ಇಟ್ಟರು.

ಆ ದಾರಿಯನ್ನು ನಾನು ಎಷ್ಟೋ ಸಲ ಓಡಿಸಿದ್ದೇನೆ. ಅವತ್ತು ಓಡಿಸಿದ್ದು ನೆನಪಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ಹಲ್ಲು ಕಚ್ಚಿ ಹಿಡಿದ ಸದ್ದು ಮಾತ್ರ ನೆನಪಿದೆ. ಬೇರೆ ಗುಳಿಗೆ ಎಂದು ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. "ಆಯಿ ಎಷ್ಟು ಖುಷಿಲಿ ಕೊಟ್ಲು ಅಪ್ಪ. ತಡ್ಕಂಡ್ರೆ ನೀನೂ ಖುಷಿಯಾಗ್ತಿ ಅಂದ್ಕಂಡೆ" ಅಂದಳು. ಗಟ್ಟಿತನ ಇಲ್ಲ ಎಂದುಕೊಂಡಿದ್ದೆನಲ್ಲ, ಇತ್ತು. ಇರಬಾರದ ಜಾಗದಲ್ಲಿ ಇತ್ತು.

ಆಸ್ಪತ್ರೆಯಲ್ಲಿ ಒಳಗೆ ಕರೆದೊಯ್ದರು. ಗುಳಿಗೆ ಮತ್ತೆ ಶುರು ಮಾಡಿದರು, ಹೊಟ್ಟೆಯ ಮೇಲೆ ಪಟ್ಟಿ ಕಟ್ಟಿ ಕೂಸಿನ ಎದೆಬಡಿತ ನೋಡುತ್ತ ಇಟ್ಟರು. ಸಂಜೆಯ ಹೊತ್ತಿಗೆ ನೋವು ಬಿಡುವು ಕೊಡತೊಡಗಿತು. ಕೂಸು ಆಡಿತು. ಡಾಕ್ಟರು ಹೊರಗೆ ಬಂದು ಹೇಳಿದಾಗಲೇ ಬೀಗ್ತಿಯೂ ಬಂದು ಮುಟ್ಟಿದ್ದು. ಸಾವಿನ ಮನೆಯಿಂದ ಹಾಗೇ ಎದ್ದು, ಸಿಕ್ಕ ಸಿಕ್ಕ ಬಸ್ಸು ಬದಲಾಯಿಸಿ ಬಂದಿದ್ದರು. ಸೀರೆ ಮುದುಡಿತ್ತು. ಮುಖದಲ್ಲಿ ಬಣ್ಣವೇ ಇರಲಿಲ್ಲ.

ನಮ್ಮ ಮನೆಯವಳು ಎದ್ದು ನಿಂತಳು. ಬೈಗುಳಕ್ಕೆ ತಯಾರಾಗಿ ನಿಂತವಳು. ನಾನೂ ತಯಾರಾಗಿದ್ದೆ. ನನ್ನ ಹೆಂಡತಿಗೆ ಬೇರೆಯವರು ಬೈಯುವುದು ನನಗೆ ಆಗುವುದಿಲ್ಲ, ಆದರೆ ಅವತ್ತು ಬೈದರೆ ಸುಮ್ಮನಿರಬೇಕು ಎಂದು ತೀರ್ಮಾನಿಸಿದ್ದೆ. ಬೀಗ್ತಿ ಅವಳ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ, ತಾವೂ ಉಸ್ಸೆಂದು ಕೂತರು.

"ಅಳ್ಬೇಡಿ ಮಾರಾಯ್ತಿ. ನೀವು ತಾಯಿ. ಬೇಗ ಬಿಡ್ಸ್ಬೇಕು ಅಂತ ನಿಮ್ಮ ಹೊಟ್ಟೆ ಉರೀತದೆ. ನಾನು ಅತ್ತೆ, ನಂಗೆ ಎಂತ ಅವಸರ?"

ಅಷ್ಟೇ. ಸಂಚಿ ಬಿಚ್ಚಿ ಒಂದು ಎಲೆಗೆ ಸುಣ್ಣ ಹಚ್ಚಿ, ಅರ್ಧ ಹರಿದು ಅವಳಿಗೆ ಕೊಟ್ಟರು. ಎಂದೂ ಕವಳ ಹಾಕದವಳು ಅವತ್ತು ಹಾಕಿದಳು. ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರು ಬೀಗ್ತಿಯರೂ ಎಲ್ಲಿ ಉಗುಳುವುದು ಎಂದು ತಿಳಿಯದೆ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದರು.

ಹೆರಿಗೆ ಹುಬ್ಬಳ್ಳಿಯಲ್ಲೇ ಆಯಿತು. ಹೆಣ್ಣು. ಕೈಕಾಲು ಸರಿ ಇತ್ತು, ತೂಕ ಸ್ವಲ್ಪ ಕಡಿಮೆ. ಡಾಕ್ಟರು ಮೊದಲೇ ಹೇಳಿದ್ದರು, ತಾಯಿಯ ಗುಳಿಗೆಗೆ ಕೂಸೂ ಒಗ್ಗಿರುತ್ತದೆ, ಹೊಕ್ಕಳ ಬಳ್ಳಿ ಕತ್ತರಿಸಿದ ಮೇಲೆ ಅದಕ್ಕೂ ಸಂಕಟ ಆಗಬಹುದು, ಹೆದರಬೇಡಿ, ನೋಡಿಕೊಳ್ಳಬಹುದು ಎಂದು. ಹೆದರದೆ ಇರುವುದು ಹೇಗೆ? ಮೊದಲೆರಡು ದಿನ ಸುಮ್ಮನಿದ್ದ ಕೂಸು ಆಮೇಲೆ ಕೀರಲು ದನಿಯಲ್ಲಿ ಅಳಲು ಹಿಡಿಯಿತು. ಅದು ಹಸಿವಿನ ಅಳು ಆಗಿರಲಿಲ್ಲ. ಕೈ ನಡುಗುತ್ತಿತ್ತು. ಸೀನುತ್ತಿತ್ತು. ಮೊಲೆಗೆ ಬಾಯಿ ಹಾಕಿ ಬಿಡುತ್ತಿತ್ತು. ಬೆಳಕು ಬಿದ್ದರೆ ಬೆಚ್ಚುತ್ತಿತ್ತು, ಬಾಗಿಲು ಸದ್ದಾದರೆ ಬೆಚ್ಚುತ್ತಿತ್ತು. ನರ್ಸುಗಳು ದಿನಕ್ಕೆ ಎಷ್ಟೋ ಸಲ ಬಂದು ನೋಡಿ ಬರೆದುಕೊಂಡು ಹೋಗುತ್ತಿದ್ದರು. ಬಿಗಿಯಾಗಿ ಬಟ್ಟೆ ಸುತ್ತಿ, ಕಿಟಕಿಗೆ ಪರದೆ ಹಾಕಿ, ತಾಯಿಯ ಎದೆಯ ಮೇಲೇ ಇಡಬೇಕು, ತಾಯಿ ಹಾಲೇ ಕುಡಿಸಬೇಕು, ಇದರಲ್ಲಿ ಸಮಾಧಾನ ಆಗದಿದ್ದರೆ ಮಾತ್ರ ಔಷಧಿ ಅಂದರು.

ಶೈಲಾ ಅತ್ತು ಅತ್ತು, ನನ್ನಿಂದಲೇ ಹೀಗಾಯಿತು ಎಂದು ಗೋಡೆ ಕಡೆ ಮುಖ ಮಾಡಿದರೆ, ಬೀಗ್ತಿ ಕೂಸನ್ನು ಸೆರಗಿನೊಳಗೆ ಎದೆಗೆ ಒತ್ತಿಕೊಂಡು ಹಾಸಿಗೆಯಿಂದ ಬಾಗಿಲಿಗೆ, ಬಾಗಿಲಿಂದ ಹಾಸಿಗೆಗೆ ನಡೆಯುತ್ತಿದ್ದರು. ಜೋಗುಳ ಇಲ್ಲ, ಲಾಲಿ ಇಲ್ಲ, ಬರೀ ಹೆಜ್ಜೆ. ಪಕ್ಕದ ಹಾಸಿಗೆಯವಳು, ಇದ್ಯಾಕೆ ಈ ಕೂಸು ಹೀಂಗ ಕಿರಚತೈತಿ ಎಂದು ಕೇಳಿದಳು. "ಅಜ್ಜಿ ಬಾಯಿ ಬಂದದೆ" ಅಂದರು ಬೀಗ್ತಿ. ಶೈಲಾ ಗೋಡೆ ಕಡೆ ಮುಖ ಮಾಡಿಕೊಂಡೇ ನಕ್ಕದ್ದು ನನಗೆ ಹಿಂದಿನಿಂದ ಕಂಡಿತು. ಹೆರಿಗೆಯಾದ ಮೇಲೆ ಅವಳು ಮೊದಲ ಸಲ ನಕ್ಕದ್ದು ಅದು.

ದಿನ ಹೋದಂತೆ ನಡುಕ ಕಡಿಮೆಯಾಯಿತು. ಹಾಲು ಹಿಡಿಯಿತು. ಮನೆಗೆ ಬಂದೆವು. ತೊಟ್ಟಿಲು ಶಾಸ್ತ್ರಕ್ಕೆ ಬಂದ ಹೆಂಗಸರು ಹಾಡಲು ಬಾಯಿ ತೆರೆಯುವ ಮೊದಲೇ ಬೀಗ್ತಿ ತುಟಿಯ ಮೇಲೆ ಬೆರಳಿಟ್ಟರು. ಕಿವಿಯಲ್ಲಿ ಹೆಸರು ಕೂಗುವುದನ್ನೂ ಉಸಿರಿನಷ್ಟು ಸಣ್ಣಗೆ ಮಾಡಿಸಿದರು. ಅಷ್ಟು ಸದ್ದಿಲ್ಲದ ತೊಟ್ಟಿಲನ್ನು ನಮ್ಮ ಕೇರಿ ಕಂಡಿರಲಿಲ್ಲ. ಕೂಸು ಕಿವುಡು ಇರಬೇಕು ಎಂದು ಹೇಳುತ್ತ ಹೋದರು. ಹೇಳಲಿ. ಬಾಳಂತನ ಮುಗಿಸಿ ಬೀಗ್ತಿ ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡೇ ಶಿರಸಿಗೆ ಹೋದರು. ಹೋಗುವಾಗ ನನಗೆ ಒಂದು ಕೃತಜ್ಞತೆಯ ಮಾತು ಆಡಲು ಬರಲಿಲ್ಲ. ಅವರೂ ಕಾಯಲಿಲ್ಲ.

ಮಗು ಎದೆಹಾಲು ಬಿಟ್ಟ ಮೇಲೆ ಡಾಕ್ಟರು ಗುಳಿಗೆಯನ್ನು ಇಳಿಸುತ್ತ ಬಂದರು. ಇಳಿಸಿ, ನಿಲ್ಲಿಸಿ, ನೋಡಿ, ಮತ್ತೆ ಇಳಿಸಿ. ಒಮ್ಮೆ ತಡೆಯದೆ ಮತ್ತೆ ಏರಿಸಿದ್ದೂ ಇದೆ. ಘಟ್ಟ ಇಳಿಯುವುದು ಹತ್ತುವುದಕ್ಕಿಂತ ನಿಧಾನ. ಕೊನೆಗೆ ಒಂದು ದಿನ ಸಂಚಿಯ ಒಳಗಿನ ಕಿಸೆ ಖಾಲಿಯಾಯಿತು. ಅವತ್ತು ಯಾರೂ ಹಬ್ಬ ಮಾಡಲಿಲ್ಲ. ನನಗೆ ತಿಳಿದದ್ದೇ ತಿಂಗಳ ಮೇಲೆ.

ಸೊಸೆಯದ್ದು ಮುಗಿದ ಮೇಲೆ ನಂದು ಅಂದಿದ್ದರಲ್ಲ, ಅದು ಆಗಲಿಲ್ಲ. ಕೆನ್ನೆಯ ಒಳಗೆ ಹುಣ್ಣು ಎದ್ದದ್ದನ್ನು ಸುಣ್ಣ ಸುಟ್ಟದ್ದು ಎಂದು ಮುಚ್ಚಿಟ್ಟಿದ್ದರು. ತೋರಿಸಿದಾಗ ಮೀರಿತ್ತು. ಹುಬ್ಬಳ್ಳಿಯ ಅದೇ ಆಸ್ಪತ್ರೆ, ಬೇರೆ ಬೆಂಚು. ಈ ಸಲ ನಡುವೆ ಕೂತು ಮರೆ ಮಾಡುತ್ತಿದ್ದವಳು ಶೈಲಾ. ಕೊನೆಗೆ ಡಾಕ್ಟರು ನೋವಾದರೂ ಇಲ್ಲದಿರಲಿ ಎಂದು ಬಲವಾದ ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ಯಾವ ಜಾತಿಯ ಗುಳಿಗೆ ಎಂದು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಶೈಲಾಳನ್ನು ಹಿಡಿದದ್ದೂ ಅದೇ ಜಾತಿ.

ನಾನು ಶಿರಸಿಗೆ ಹೋಗಿ ಕೂತೆ. ಬೀಗ್ತಿ ಮಲಗಿದ್ದರು. ಮುಖ ಒಂದು ಕಡೆ ಊದಿತ್ತು. ಮಾತು ನಿಂತಿತ್ತು. ತಲೆದಿಂಬಿನ ಹತ್ತಿರ ಸಂಚಿ ಇತ್ತು, ಎಲೆಯೂ ಇಲ್ಲ ಅಡಿಕೆಯೂ ಇಲ್ಲ, ಗುಳಿಗೆ ಮಾತ್ರ. ನಾನು ಅಳಿಯನಿಗೆ ಹೇಳಿದೆ, ಇದನ್ನು ನೀನು ಟೆಂಪೋದಲ್ಲಿ ಬೀಗ ಹಾಕಿ ಇಟ್ಟುಕೋ, ಹೊತ್ತಿಗೆ ಬಂದು ಕೊಟ್ಟು ಹೋಗು ಎಂದು. ಶೈಲಾ ಅಲ್ಲೇ ಇದ್ದಳು. ಕೇಳಿಸಲಿ ಎಂದೇ ಹೇಳಿದೆ. ಅವಳ ಒಳ್ಳೆಯದಕ್ಕೇ ಹೇಳಿದೆ. ಅವಳು ತಲೆ ತಗ್ಗಿಸಿದಳು, ಅವತ್ತು ಬಾಗಿಲ ಚೌಕಟ್ಟು ಹಿಡಿದು ತಗ್ಗಿಸಿದ ಹಾಗೆಯೇ.

ಬೀಗ್ತಿ ಕಣ್ಣು ತೆರೆದು ನನ್ನನ್ನು ನೋಡಿದರು. ಕೈ ಚಾಚಿ ಸಂಚಿ ತೆಗೆದುಕೊಂಡರು. ಅಳಿಯ ಮುಂದೆ ಬಂದ. ಅವನನ್ನು ದಾಟಿ ಶೈಲಾಳ ಸೆರಗು ಹಿಡಿದು ಎಳೆದು, ಸಂಚಿಯನ್ನು ಅವಳ ಸೊಂಟಕ್ಕೆ ಸಿಕ್ಕಿಸಿದರು. ಎರಡು ಸಲ ಜಾರಿತು. ಸಿಕ್ಕಿಸಿ ಆದ ಮೇಲೆ ನನ್ನ ಕಡೆ ತಿರುಗಿ, ಕಣ್ಣಲ್ಲೇ ಶೈಲಾಳನ್ನು ತೋರಿಸಿ, ಹೊದಿಕೆಯ ಮೇಲೆ ಬೆರಳು ಚಿಮ್ಮಿದರು. ಬಲಕ್ಕೆ.

ಕೊನೆಯವರೆಗೂ ಶೈಲಾಳೇ ಕೊಟ್ಟಳು. ಕೊಟ್ಟ ಮೇಲೆ ಅತ್ತೆಯ ಎದುರು ಬಾಯಿ ಮುಚ್ಚಿ ಕೂರುತ್ತಿದ್ದಳು. ಆ ಗುಳಿಗೆ ನುಂಗುವಂಥದ್ದು, ಹಾಗೆ ಕೂರುವ ಅಗತ್ಯ ಇರಲಿಲ್ಲ.

ಹನ್ನೆರಡನೇ ದಿನದ ಕಾರ್ಯ ಮುಗಿದ ಮೇಲೆ ಉಳಿದ ಗುಳಿಗೆಗಳನ್ನು ಆಸ್ಪತ್ರೆಗೆ ಒಪ್ಪಿಸಬೇಕಿತ್ತು. ನಾನು ಒಯ್ಯುತ್ತೇನೆ ಕೊಡು ಅಂದೆ. ನಾನೇ ಬರ್ತೆ ಅಂದಳು ಶೈಲಾ. ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಹೊರಟೆವು. ಮೊಮ್ಮಗಳು ಹಿಂದಿನ ಸೀಟಿನಲ್ಲಿ ನಿಂತು ಕಂಡದ್ದನ್ನೆಲ್ಲ ಹೆಸರು ಹಿಡಿದು ಕೂಗುತ್ತಿದ್ದಳು, ಎಮ್ಮೆ, ಕೆರೆ, ಮತ್ತೊಂದು ಎಮ್ಮೆ. ಶೈಲಾ ನನ್ನ ಪಕ್ಕದಲ್ಲಿ, ಸಂಚಿ ಮಡಿಲಲ್ಲಿ. ಸೊಂಟ ನೋವು ಅವಳಿಗೆ ಇನ್ನೂ ಇದೆ. ಗುಂಡಿ ಬಂದಾಗ ಹಲ್ಲು ಕಚ್ಚುವುದು ಕಾಣುತ್ತಿತ್ತು.

ಗುಳಿಗೆ ಎಲ್ಲ ಲೆಕ್ಕಕ್ಕೆ ಸರಿ ಇದೆಯಾ ಎಂದು ಕೇಳುವ ಮಾತು ಗಂಟಲವರೆಗೆ ಬಂತು. ಮುಂಡಗೋಡಕ್ಕೆ ಮೊದಲು ಒಂದು ಸಲ, ದಾಟಿದ ಮೇಲೆ ಒಂದು ಸಲ. ಎರಡು ಸಲವೂ ಗೇರು ಬದಲಾಯಿಸಿ, ನಾಲಿಗೆಯ ಕೆಳಗೆ ಏನೋ ಇಟ್ಟುಕೊಂಡವನ ಹಾಗೆ ಬಾಯಿ ಮುಚ್ಚಿಕೊಂಡೆ. ಹುಬ್ಬಳ್ಳಿ ಬರುವ ತನಕ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.